ಸರ್ಕಾರಕ್ಕೆ ಸಿಗದ ಗೂಢಚಾರ

ನ್ಯೂಜಿಲೆಂಡಿನಲ್ಲಿದ್ದ ಒಬ್ಬನೇ ಒಬ್ಬ ರಷ್ಯನ್ ಗೂಢಚಾರನನ್ನು ಸಿದ್ರಾಮಪ್ಪನವರು ಒಂದು ಡಬ್ಬಿ ಅವಲಕ್ಕಿ ಕಟ್ಟಿಕೊಟ್ಟು ತಾವೇ ವಿಮಾನ ಹತ್ತಿಸಿ ಬಂದಿದ್ದರು. ಸರ್ಕಾರ ದೇಶವನ್ನೆಲ್ಲ ಜಾಲಾಡಿದರೂ ಅವನು ಸಿಗದೇ ಹೋದದ್ದು ಅದಕ್ಕೇ.

"ಹ್ಯಾಂಗ ಸಿಗತಾನ್ರೀ?" ಎಂದು ಅವರು ಹೋಳಿಗೆಯನ್ನು ತುಪ್ಪದಲ್ಲಿ ಅದ್ದುತ್ತ ಕೇಳಿದರು. "ಒಂದು ವಾರ ಮೊದಲಽ ದಾಟಿ ಹೋಗ್ಯಾನ. ಏರ್‌ಪೋರ್ಟಿಗೆ ಬಿಟ್ಟು ಬಂದಾಂವ ನಾನಽ."

ಅದು ಎರಡು ಸಾವಿರದ ಹದಿನೆಂಟರ ಮಾರ್ಚ್ ಕೊನೆ. ಇಂಗ್ಲೆಂಡಿನಲ್ಲಿ ರಷ್ಯಾದವರು ಯಾರಿಗೋ ವಿಷ ಹಾಕಿದರೆಂದು ಇಪ್ಪತ್ತಕ್ಕೂ ಹೆಚ್ಚು ದೇಶಗಳು ತಂತಮ್ಮಲ್ಲಿದ್ದ ರಷ್ಯನ್ ರಾಜತಾಂತ್ರಿಕರನ್ನು ಗಂಟುಮೂಟೆ ಕಟ್ಟಿಸಿ ಕಳಿಸುತ್ತಿದ್ದವು. ನ್ಯೂಜಿಲೆಂಡ್ ಮಾತ್ರ, ನಾವೂ ಕಳಿಸುತ್ತಿದ್ದೆವು, ಹುಡುಕಿ ನೋಡಿದೆವು, ನಮ್ಮಲ್ಲಿ ಗೂಢಚಾರರೇ ಇಲ್ಲ ಎಂದುಬಿಟ್ಟಿತ್ತು. ಜಗತ್ತೇ ನಕ್ಕಿತು. ಅಂಥ ಸಂದರ್ಭ ತಾನಾಗಿ ಬಂದು ಬಾಗಿಲು ತಟ್ಟಿದಾಗ ಸಿದ್ರಾಮಪ್ಪನವರಂಥವರು ಸುಮ್ಮನಿರುವುದುಂಟೇ?

ಯುಗಾದಿ ಮುಗಿದು ಹದಿನೈದು ದಿನವಾಗುತ್ತ ಬಂದಿತ್ತು. ಈ ಊರಿನಲ್ಲಿ ಹಬ್ಬ ಬರುವುದು ಪಂಚಾಂಗ ನೋಡಿಯಲ್ಲ, ಸಭಾಂಗಣ ಖಾಲಿಯಿದ್ದ ದಿನ ನೋಡಿ. ಹಾಗೆ ಹಿಲ್ಸ್‌ಬರೋ ಬಡಾವಣೆಯ ಸಭಾಂಗಣದಲ್ಲಿ ಕನ್ನಡದವರ ಹಬ್ಬದೂಟ ನಡೆದಿತ್ತು. ಅವತ್ತು ಕಡಿಮೆಯೆಂದರೂ ಲಕ್ಷ ಜನ ಸೇರಿದ್ದರು. ನಲವತ್ತು ತಟ್ಟೆ ಮಾತ್ರ ಖರ್ಚಾಗಿದ್ದವೆಂದು ಖಜಾಂಚಿ ವಾದಿಸುವುದುಂಟು. ಆದರೆ ಖಜಾಂಚಿಗಳಿಗೆ ಕಲ್ಪನಾಶಕ್ತಿ ಕಡಿಮೆ.

ಸಿದ್ರಾಮಪ್ಪನವರು ಊರಂಚಿನ ತಕಾನಿನಿ ಬಡಾವಣೆಯಲ್ಲಿರುವವರು. ಪ್ಯಾಕಿಂಗ್ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಎಂಜಿನಿಯರ್. ಹನ್ನೆರಡು ಗಂಟೆಯ ಪಾಳಿ, ಹೋಗುವಾಗ ಬರುವಾಗ ಆಮೆಯೂ ಹಾರನ್ ಹೊಡೆದು ಮುಂದೆ ಹೋಗುವಂಥ ಮೋಟರ್‌ವೇ, ಮನೆಗೆ ಬಂದರೆ ಬೂಟು ಬಿಚ್ಚಲೂ ಬಾಗಲಾರದ ಬೆನ್ನು. ವಿಚಿತ್ರವೆಂದರೆ ಮೈ ದಣಿದಷ್ಟೂ ಅವರ ಮಾತು ಉಬ್ಬುತ್ತಿತ್ತು. ಆ ವಾರ ಅವರು ಐದು ಪಾಳಿ ಮುಗಿಸಿ ಬಂದಿದ್ದರು. ಗೂಢಚಾರ ಹುಟ್ಟಿದ್ದು ಹಾಗೆ.

"ಅವನು ಗೂಢಚಾರ ಅಂತ ನಿಮಗೆ ಹೇಗೆ ಗೊತ್ತಾಯ್ತು, ಸಿದ್ರಾಮಪ್ಪನವರೇ?" ಎಂದು ಕೋಸಂಬರಿ ಬಡಿಸುತ್ತಿದ್ದ ಜಯಲಕ್ಷ್ಮಿ ಆಂಟಿ ಕೇಳಿದರು. ಮೈಸೂರಿನವರು, ನಂಬದಿದ್ದರೂ ನಂಬಿದಂತೆ ಕೇಳುವ ಸೌಜನ್ಯ ಅವರಿಗಿತ್ತು.

"ಬಾಜೂ ಮನಿಯಾಂವ ಅಲ್ಲೇನ್ರೀ! ನಸುಕಿನ್ಯಾಗ ಚೀಲಾ, ಚಾಕು ಹಿಡಕೊಂಡು ಪೈನ್ ಗಿಡದ ಕಾಡಿಗೆ ಹೋಗಾಂವ. ಹಿತ್ತಲದಾಗ ನಿಂತು ಫೋನಿನ್ಯಾಗ ಸಣ್ಣ ದನಿಲೇ ಮಾತಾಡಾಂವ. ನನ್ನ ಕಣ್ಣು ತಪ್ಪಿಸೋದು ಆಗತೈತೇನು? ಕರದು ಹೇಳಿದೆ, ಯೂರಿ, ನಿನ್ನ ಆಟ ಮುಗೀತು. ಅಂವ ಅತ್ತುಬಿಟ್ಟ."

"ಪಾಪ," ಎಂದರು ಜಯಲಕ್ಷ್ಮಿ. "ಊರಲ್ಲಿದ್ದಾಗ ರಷ್ಯಾದವರು ಅಂದ್ರೆ ನಮ್ಮ ಸ್ನೇಹಿತರು. ಯುದ್ಧದಲ್ಲಿ ನಮ್ಮ ಪರ ನಿಂತೋರು ಅಂತ ನಮ್ಮಪ್ಪ ಹೇಳ್ತಿದ್ರು. ಇಲ್ಲಿಗೆ ಬಂದು ಟೀವಿ ಹಾಕಿದ್ರೆ ರಾಕ್ಷಸರು. ನಾವು ಬದಲಾಯಿಸಿದ್ದು ವೀಸಾ ಮಾತ್ರ ಅನ್ಕೊಂಡಿದ್ದೆ."

ಎಲ್ಲರೂ ನಕ್ಕರು. ಒಬ್ಬ ನಗಲಿಲ್ಲ.

"ಕಾಕಾ," ಎಂದ ಬಸವಕಿರಣ್. ಬಾಗಲಕೋಟೆ ಕಡೆಯ ಹುಡುಗ, ಸಾಫ್ಟ್‌ವೇರ್ ಕೆಲಸ, ಎಲ್ಲದಕ್ಕೂ ಹೆದರುವ ಸ್ವಭಾವ. "ಬಾಜೂ ಮನಿ ಅಂದ್ರ ಎಡಗಡೀದೋ, ಬಲಗಡೀದೋ?"

ಸಿದ್ರಾಮಪ್ಪನವರ ಕೈ ತುಪ್ಪದಲ್ಲೇ ನಿಂತಿತು. ಎಡಗಡೆಯ ಮನೆಯನ್ನು ಹೋದ ವರ್ಷ ಕೊಂಡು ಏಜೆಂಟರ ಮೂಲಕ ಬಾಡಿಗೆಗೆ ಕೊಟ್ಟವನು ಇದೇ ಬಸವಕಿರಣ್. ಆ ಮನೆಯ ಬೇಲಿಗೆ ಒರಗಿ ಅವರು ಸಾವಿರ ಹಂಡೆ ಚಹಾ ಕುಡಿದಿದ್ದರು. ಮನೆಯ ಮಾಲೀಕ ಯಾರೆಂಬುದು ಮಾತ್ರ ನೆನಪಿನಿಂದ ಜಾರಿತ್ತು.

"ಎಡಗಡೀದು," ಎಂದರು. ಆ ಕ್ಷಣಕ್ಕೆ ಅವರಿಗೆ ಸುಳ್ಳು ಹೊಳೆಯಲಿಲ್ಲ. ಇತಿಹಾಸದಲ್ಲಿ ಅದು ಮೊದಲ ಸಲ.

"ನನ್ನ ಮನಿ!" ಬಸವಕಿರಣ್ ತಟ್ಟೆ ಕೆಳಗಿಟ್ಟ. "ಏನೋ ಒಂದು ಉದ್ದನ ಹೆಸರು ಅಂತ ಏಜೆಂಟ್ ಹೇಳಿದ್ದ, ನಾ ಲಕ್ಷ್ಯ ಕೊಡಲಿಲ್ಲ. ಕಾಕಾ, ನಾ ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕೀನಿ! ನಡತಿ ಹೆಂಗೈತಿ ಅಂತ ನೋಡ್ತಾರ. ಗೂಢಚಾರನ್ನ ಮನ್ಯಾಗ ಇಟಕೊಂಡಾಂವ ಅಂತ ಬರಕೊಂಡ್ರ ಏನ್ ಮಾಡ್ಲಿ? ಅವನ ಹೆಂಡ್ತಿ, ಮಗಳು ಇನ್ನೂ ಆ ಮನ್ಯಾಗಽ ಅದಾರೇನು? ಮನಿ ಬಿಡ್ರಿ ಅಂತ ತೊಂಬತ್ತು ದಿನದ ನೋಟಿಸ್ ಕೊಡಸ್ತೀನಿ. ಕಾರಣ ಹೇಳೋದೂ ಬ್ಯಾಡ."

ಅವನು ಫೋನ್ ತೆಗೆದು ಏಜೆಂಟನಿಗೆ ಬರೆಯತೊಡಗಿದ.

ಸಿದ್ರಾಮಪ್ಪನವರ ಬಾಯಲ್ಲಿ ಹೋಳಿಗೆ ಮಣ್ಣಾಯಿತು. ಆ ಮನೆ ಸಿಗುವ ಮುಂಚೆ ಯೂರಿ, ಅವನ ಹೆಂಡತಿ, ಆರು ವರ್ಷದ ಮಗಳು ಮೋಟೆಲಿನ ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಮನೆ ನೋಡಲು ಹೋದಲ್ಲೆಲ್ಲ ಏಜೆಂಟರು ಹೆಸರು ಓದುವವರೆಗೂ ನಗುತ್ತಿದ್ದರಂತೆ. ಆ ಹುಡುಗಿ ಈ ಫೆಬ್ರವರಿಯಲ್ಲಷ್ಟೇ ರಸ್ತೆಯಾಚೆಯ ಶಾಲೆಗೆ ಸೇರಿದ್ದಳು.

"ತಡಿಯೋ ತಮ್ಮಾ," ಎಂದರು. ಅಭ್ಯಾಸಬಲ, ನಿಜ ಹೇಳುವುದಕ್ಕಿಂತ ದೊಡ್ಡ ಸುಳ್ಳು ಹೇಳುವುದು ಅವರಿಗೆ ಸುಲಭ. "ಪೂರ್ತಿ ಕೇಳು. ಅಂವ ಮ್ಯಾಲೆ ರಷ್ಯಾದಾಂವ. ಒಳಗಿಂದೊಳಗ ನಮ್ಮ ದೇಶಕ್ಕ ಕೆಲಸ ಮಾಡಾಂವ!"

"ಅಂದ್ರ ಎರಡು ದೇಶದ ತಲಿನೋವು ನನ್ನ ಒಂದು ಮನ್ಯಾಗ?" ಬಸವಕಿರಣನ ಹೆಬ್ಬೆರಳು ಇನ್ನೂ ಜೋರಾಗಿ ಓಡಿತು.

ಆಗ ಪಕ್ಕದ ಸಾಲಿನಿಂದ ಗಂಗವ್ವ ತಿರುಗಿದರು. ಮೂವತ್ತು ವರ್ಷ ಈ ಗಂಡನ ಜೊತೆ ಬಾಳಿದ ಹೆಂಗಸು. ಸುಳ್ಳಿನ ತೂಕವನ್ನು ಕಿವಿಯಲ್ಲೇ ಹೇಳಬಲ್ಲರು.

"ಯಾರನ್ನ ವಿಮಾನ ಹತ್ತಿಸಿದ್ರಿ? ಯೂರೀನ? ಮತ್ತ ಮುಂಜಾನೆ ನಮ್ಮ ಕಾರಿನ ಬ್ಯಾಟರಿ ಸತ್ತಾಗ ತನ್ನ ಗಾಡಿ ತಂದು, ವಯರ್ ಹಚ್ಚಿ ಚಾಲೂ ಮಾಡಿ ಕೊಟ್ಟಾಂವ ಯಾರು, ಅವನ ದೆವ್ವೇನು?"

ಸಭಾಂಗಣದ ಛಾವಣಿ ನಗೆಗೆ ಒಂದು ಮೊಳ ಮೇಲೆದ್ದು ಕೂತಿತು. ಸಿದ್ರಾಮಪ್ಪನವರೂ ನಗಬಹುದಿತ್ತು. ಸಿಕ್ಕಿಬೀಳುವುದು ಅವರಿಗೆ ಹೊಸದಲ್ಲ. ಒಂದು ಕಣ್ಣು ಮಿಟುಕಿಸಿದರೆ ಮುಗಿಯುತ್ತಿತ್ತು.

"ಅಂದ್ರ ಹೋಗೇ ಇಲ್ಲ!" ಎಂದ ಬಸವಕಿರಣ್, ಬಿಳಿಚಿಕೊಂಡು. "ಇನ್ನೂ ನನ್ನ ಮನ್ಯಾಗಽ ಅದಾನ!"

ಸಿದ್ರಾಮಪ್ಪನವರು ತಟ್ಟೆ ಪಕ್ಕಕ್ಕೆ ಸರಿಸಿದರು. ಐದು ಪಾಳಿಯ ಭಾರವೆಲ್ಲ ಒಮ್ಮೆಲೇ ಹೆಗಲ ಮೇಲೆ ಬಂದು ಕೂತಂತಾಯಿತು.

"ಬಸೂ, ಫೋನ್ ಇಡು. ನಾ ಹೇಳಿದ್ದು ಒಂದೂ ಖರೇ ಅಲ್ಲ. ಅಂವ ಲಾರಿ ರಿಪೇರಿ ಮಾಡಾಂವ. ಕಾಡಿಗೆ ಹೋಗೋದು ಅಣಬಿ ಕೊಯ್ಯಾಕ. ಅವರ ಊರಾಗ ಎಲ್ಲಾರೂ ಹೋಗ್ತಾರಂತ. ಫೋನ್ ಹಚ್ಚೋದು ಅವರವ್ವಗ. ನಾವೂ ಊರಿಗೆ ಹಂಗಽ ಮಾತಾಡ್ತೀವಿ, ಮಕ್ಕಳು ಎದ್ದಾವು ಅಂತ ಸಣ್ಣ ದನಿಲೇ."

"ಹಂಗಾದ್ರ ಯಾಕ ಹೇಳಿದ್ರಿ, ಕಾಕಾ?"

"ಹೆಂಗಿದ್ದೀರಿ, ಏನ್ ಸಮಾಚಾರ ಅಂತ ಎಲ್ಲಾರೂ ಕೇಳ್ತಾರ. ಕೆಲಸಕ್ಕ ಹೋದೆ, ಬಂದೆ, ಮಲಗಿದೆ. ಇಷ್ಟಽ ನನ್ನ ಸಮಾಚಾರ. ಅದನ್ನ ಯಾರು ಕೇಳ್ತಾರ? ಅಂವನೂ ನನ್ನಂಗಽ. ಸಂಜಿಕ ಬೇಲಿ ಆ ಕಡೆ ಅಂವ, ಈ ಕಡೆ ನಾ. ಇಬ್ಬರಿಗೂ ಇಂಗ್ಲಿಷ್ ಮಾತಾಡೋ ತ್ರಾಣ ಉಳಿದಿರಂಗಿಲ್ಲ. ಸುಮ್ಮನ ಚಹಾ ಕುಡೀತೀವಿ."

ಬಸವಕಿರಣ್ ಬರೆದದ್ದನ್ನು ಅಳಿಸಿದ. ಫೋನನ್ನು ಜೇಬಿಗೆ ಹಾಕಿದ, ಮತ್ತೆ ತೆಗೆದು ನಿಜವಾಗಿ ಅಳಿಸಿದೆಯೇ ಎಂದು ನೋಡಿದ, ಮತ್ತೆ ಹಾಕಿದ.

"ಈ ಸುದ್ದಿ ಎಲ್ಲಾ ಬಂದಾಗ ಅಂವ ಏನರ ಅಂದನಾ?" ಎಂದು ಮೆಲ್ಲಗೆ ಕೇಳಿದ.

"ಒಮ್ಮೆ ಕೇಳಿದ. ನಿಮ್ಮ ಮಂದಿ ನಮ್ಮ ಬಗ್ಗೆ ಏನಂತಾರ ಅಂತ."

"ನೀವೇನಂದ್ರಿ?"

ಸಿದ್ರಾಮಪ್ಪನವರು ಕೈಯಲ್ಲಿ ಗಟ್ಟಿಯಾಗುತ್ತಿದ್ದ ತುಪ್ಪವನ್ನು ಕಾಗದದಿಂದ ಒರೆಸಿಕೊಂಡರು.

"ನಮ್ಮವರು ನಿಮ್ಮನ್ನ ಒಡಹುಟ್ಟಿದವರಂಗ ನೋಡ್ತಾರ, ನಿಮಗೇನರ ಆದ್ರ ಇಡೀ ಕರ್ನಾಟಕ ಎದ್ದು ನಿಲ್ಲತೈತಿ ಅಂದೆ. ಅಂವ ನಂಬಿದ. ನನ್ನ ಮಾತು ನಂಬಾಂವ ಈ ದೇಶದಾಗ ಅಂವ ಒಬ್ಬನಽ ತಮ್ಮಾ. ಅವನಿಗೂ ಸುಳ್ಳಽ ಹೇಳೀನಿ."