ಹಳೆಯ ಡಿಸ್ಕಿನ ಸದ್ದು

"ನಿನ್ನ ಡಿಸೈನಿಗೆ ಇನ್ನೂರು ಜಿಬಿ ಸಾಕಲ್ಲ?" ಎಂದು ಲಿಂಗರಾಜ ಕೇಳಿದ. ಕೇಳಿದ್ದು ಹೆಸರಿಗಷ್ಟೇ. ಹೊಸ ಹಾರ್ಡ್ ಡಿಸ್ಕನ್ನು ಆಗಲೇ ಮೂರು ಭಾಗ ಮಾಡಿ, ದೊಡ್ಡದಕ್ಕೆ ತನ್ನ ಹೆಸರನ್ನೇ ಇಟ್ಟಿದ್ದ. ರೈಲ್ವೆ ಗುಮಾಸ್ತ, ಸೂರತ್ತಿನ ರೈಲುಗಳೆಲ್ಲ ತನ್ನನ್ನು ಕೇಳಿಯೇ ಹೊರಡುತ್ತವೆಂಬ ಗತ್ತು ಭಾನುವಾರವೂ ಇಳಿಯುತ್ತಿರಲಿಲ್ಲ.

ಹೆಂಡತಿ ಸುಲೋಚನಾ ಹಳೆಯ ಡಿಸ್ಕನ್ನೇ ನೋಡುತ್ತಿದ್ದಳು. ಅದೇ ಊರಿನ ಪಾಂಡೇಸರಾ ಬಡಾವಣೆಯ ಸೀರೆ ಪ್ರಿಂಟಿಂಗ್ ಮಿಲ್ಲಿಗೆಂದು ಆರು ವರ್ಷಗಳಿಂದ ಮನೆಯಲ್ಲೇ ಕೂತು ಅವಳು ಬಿಡಿಸಿದ ಸೀರೆಯಂಚುಗಳೆಲ್ಲ ಹಳೆಯ ಡಿಸ್ಕಿನಲ್ಲಿದ್ದವು. ಬೇರೆಲ್ಲೂ ಇರಲಿಲ್ಲ. ಮೊನ್ನೆಯಿಂದ ಅದು ಕೆಡುವ ಸೂಚನೆಯಂತೆ ಟಿಕ್ ಟಿಕ್ ಎನ್ನತೊಡಗಿತ್ತು. ಈಗ ಅದನ್ನು ಕಂಪ್ಯೂಟರಿನಿಂದ ಬಿಚ್ಚಿ, ಒಂದು ಡಬ್ಬಿಯಲ್ಲಿ ಕೂರಿಸಿ, ವೈರು ಚುಚ್ಚಿ ಮೇಜಿನ ಮೇಲಿಟ್ಟಿದ್ದರು. ಹೊಸದನ್ನು ಫಾರ್ಮ್ಯಾಟ್ ಮಾಡಿದ ಮೇಲೆ, ಅಂದರೆ ಒಳಗಿನದೆಲ್ಲ ಅಳಿಸಿ ಅಣಿ ಮಾಡಿದ ಮೇಲೆ, ಎಲ್ಲವನ್ನೂ ಅದಕ್ಕೆ ಕಾಪಿ ಮಾಡಬೇಕಿತ್ತು.

ಎರಡು ಭಾಗ ಫಾರ್ಮ್ಯಾಟ್ ಆದವು. "ಇನ್ನೊಂದ ಉಳೀತು" ಎಂದು ಲಿಂಗರಾಜ ಹೇಳುತ್ತಿದ್ದಂತೆ ತೆರೆಯ ಮೇಲೆ ಪ್ರಶ್ನೆಯೊಂದು ಮೂಡಿತು: ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

"ನೋಡು, ತಾನಽ ಕೇಳಾಕತ್ತೈತಿ" ಎಂದು ಲಿಂಗರಾಜ ಬಾಣದ ಗುರುತನ್ನು ಹೌದಿನ ಮೇಲೆ ತಂದ.

ಡಬ್ಬಿ ಟಿಕ್ಕೆಂದಿತು. ಮತ್ತೆ ಟಿಕ್ಕೆಂದಿತು. ಸುಲೋಚನಾ ಗಂಡನ ಕೈಯನ್ನು ಮೌಸಿನಿಂದ ತಳ್ಳಿಬಿಟ್ಟಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

"ಏ, ಏನಾತು?"

"ಹೊಸಾದನ್ನ ಕೇಳೂದಾದ್ರ ಹಳೇದ್ಯಾಕ ಟಿಕ್ ಅಂತೈತ್ರಿ? ಅದು ಅಳಸ್ತೀನಿ ಅನ್ನಾಕತ್ತಿದ್ದು ನಂದನ್ನ!"

ಲಿಂಗರಾಜ ಕನ್ನಡಕ ಮೇಲೆ ಸರಿಸಿ ಓದಿದ. ಪ್ರಶ್ನೆಯಲ್ಲಿ ಡಿಸ್ಕಿನ ಗುರುತಾಗಿದ್ದ ಅಕ್ಷರ ಹಳೆಯದರದು; ಅದನ್ನು ಓದಲಾಗದೆ ಕಂಪ್ಯೂಟರು ಫಾರ್ಮ್ಯಾಟ್ ಕೇಳಿತ್ತು. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

ಕ್ಯಾನ್ಸಲ್ ಒತ್ತಿದ್ದು ಅವಳೇ. ಹಳೆಯ ಡಿಸ್ಕಿನ ವೈರು ಕಿತ್ತು, ತುದಿಯನ್ನು ಸೆರಗಿನಿಂದ ಒರೆಸಿ ಮತ್ತೆ ಚುಚ್ಚಿದಳು. ತೆರೆಯಲಿಲ್ಲ. ಎರಡನೆಯ ಸಲವೂ ತೆರೆಯಲಿಲ್ಲ. ಮೂರನೆಯ ಸಲಕ್ಕೆ ನವಿಲಂಚು, ಮಾವಿನಂಚು, ಗೆರೆಯಂಚು, ಎಲ್ಲ ಸಾಲಾಗಿ ಬಂದು ನಿಂತವು. ಅವಳಿಗೆ ಅಳು ಬಂತು. ಗಂಡನ ಎದುರಿಗೇ ಅತ್ತಳು.

ಲಿಂಗರಾಜ ಕುರ್ಚಿ ಬಿಟ್ಟೆದ್ದ.

ಅವಳು ಕೂತಳು. ಹೊಸ ಡಿಸ್ಕಿನ ದೊಡ್ಡ ಭಾಗಕ್ಕಿದ್ದ ಅವನ ಹೆಸರು ಅಳಿಸಿ 'ಅಂಚು' ಎಂದು ಬರೆದು, ಕಾಪಿಗೆ ಹಾಕಿದಳು. ಮೂರು ತಾಸು ಬೇಕೆಂದು ತೋರಿಸಿತು. ಹೆಸರು ಬದಲಾದದ್ದನ್ನು ಅವನು ಹಿಂದೆ ನಿಂತು ನೋಡಿದ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕಿತು.

"ಕುಕ್ಕರ್ ಎಷ್ಟ ಸೀಟಿ?"

"ನಾಕು."

ಅವನು ಒಲೆಯ ಮುಂದೆ ಹೋಗಿ ನಿಂತು ಎಣಿಸತೊಡಗಿದ. ಅವಳು ಬಿಸಿಯಾದ ಡಬ್ಬಿಯ ಮೇಲೆ ಅಂಗೈಯಿಟ್ಟು, ಕಿವಿಗೊಟ್ಟು ಕೂತಳು.