ಹಸಿರು ಪೊಟ್ಟಣ

ಪೊಟ್ಟಣಗಳಿಗೆ ಬಣ್ಣ ಆರಿಸಿಕೊಡುವುದು ಅವಳ ಕೆಲಸ. ಬಿಸ್ಕತ್ತು ಕಂಪನಿಯ ಮಾಲೀಕರೊಬ್ಬರು ತಮ್ಮ ಕೆಂಪು ಪೊಟ್ಟಣ ಹಿಡಿದು ಬಂದಾಗ ಅವಳು, "ಕೆಂಪು ಕಂಡ್ರೆ ಬಾಯಲ್ಲಿ ನೀರೂರತ್ತೆ, ನಿಜ. ಆದ್ರೆ ವಯಸ್ಸಾದೋರು ಸಕ್ಕರೆ ಜಾಸ್ತಿ ಅಂತ ಹೆದರ್ತಾರೆ. ತಿಳಿಹಸಿರು ಮಾಡಿ, ಮೇಲೊಂದು ಎಲೆ ಹಾಕಿ. ಆಮೇಲೆ ಯಾರೂ ಹಿಂದೆ ತಿರುಗಿಸಿ ಓದಲ್ಲ" ಎಂದಿದ್ದಳು. ಒಳಗಿನ ಬಿಸ್ಕತ್ತು ಅದೇ. ಮಾರಾಟ ಮಾತ್ರ ಎರಡು ಪಟ್ಟಾಯಿತು.

ನಾಲ್ಕು ತಿಂಗಳಾದ ಮೇಲೆ ಅತ್ತೆಯನ್ನು ಡಾಕ್ಟರ ಬಳಿ ಕರೆದೊಯ್ದಳು. ಅತ್ತೆಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಏನಮ್ಮಾ, ಕದ್ದು ಸಿಹಿ ತಿಂತಿದ್ದೀರಾ?"

"ಇಲ್ಲಪ್ಪಾ, ನನ್ನಾಣೆ."

ಸೊಸೆಯೂ ದನಿಗೂಡಿಸಿದಳು. "ನಿಜ ಹೇಳಿಬಿಡಿ ಅತ್ತೆ. ಮುಚ್ಚಿಟ್ರೆ ನಿಮಗೇ ತೊಂದರೆ."

ಅತ್ತೆಯ ಮುಖ ಸಣ್ಣದಾಯಿತು. ಕೈಚೀಲ ತಡಕಿ, ಅರ್ಧ ಖಾಲಿಯಾದ ಹಸಿರು ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟರು. "ಇದೊಂದೇ ನೋಡಿ. ಎಲೆ ಚಿತ್ರ ಇತ್ತು. ನಮ್ಮಂಥೋರಿಗೇ ಮಾಡಿದ್ದು ಅಂದ್ಕೊಂಡೆ."

ಡಾಕ್ಟರು ಹಿಂಬದಿ ಓದಿದರು. "ಬರೀ ಸಕ್ಕರೆ! ನೋಡಿ ತಗೋಬಾರದಾ?"

"ಕನ್ನಡಕ ಹಾಕಿದ್ರೂ ಇರುವೆ ಸಾಲು ಕಂಡಂಗೆ ಕಾಣತ್ತೆ."

ಸೊಸೆಯ ಕಿವಿ ಬಿಸಿಯಾಯಿತು. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲಷ್ಟೇ ಹೇಳಿದಳು: "ಅತ್ತೆ, ಆ ಬಣ್ಣ ಹಾಕಿಸಿದ್ದು ನಾನೇ."

"ಒಳಗೇನಿದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಡಾಕ್ಟರ ಮುಂದೆ ಯಾಕೆ ಬಾಯಿ ಬಿಡ್ಲಿಲ್ಲ?"

"ನಾಚಿಕೆಯಾಯ್ತು."

"ನನಗಾಗ್ಲಿಲ್ವೇನೇ?"

ಅವಳು ಮತ್ತೆ ಮೆಟ್ಟಿಲು ಹತ್ತಿದಳು. ಮುಂದಿನ ರೋಗಿ ಕೂತಿದ್ದಂತೆಯೇ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಮಾಲೀಕರ ಬಳಿ ಹೋಗಿ ಬಣ್ಣ ಬದಲಿಸಲು ಕೇಳಿಕೊಂಡಳು. ಅವರು ನಕ್ಕರು. "ಸಕ್ಕರೆ ಇಲ್ಲ ಅಂತ ಎಲ್ಲಾದ್ರೂ ಬರೆದಿದೀವಾ? ಬಣ್ಣ ತಾನೇ? ನೀವೇ ಕಲಿಸಿದ್ದು!" ಅವಳು ಅವರ ಕೆಲಸ ಬಿಟ್ಟಳು. ಪೊಟ್ಟಣ ಹಸಿರಾಗಿಯೇ ಉಳಿಯಿತು.

ಮನೆಯಲ್ಲಿ ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಆದರೆ ನೆಂಟರು ಬಂದು "ನಿಮ್ಮ ಸೊಸೆಗೆ ಏನು ಕೆಲಸ?" ಎಂದು ಕೇಳಿದರೆ, ಮೊದಲೆಲ್ಲ ಬಾಯ್ತುಂಬ ಹೊಗಳುತ್ತಿದ್ದವರು, ಈಗ "ಅವಳನ್ನೇ ಕೇಳಿ" ಎಂದು ಎದ್ದು ಒಳಗೆ ಹೋಗುತ್ತಾರೆ.