ಬಟ್ಟೆ ಮಾತಿಲ್ಲದ ಒಂದು ದಿನ

ಚಳಿಗಾಲದಲ್ಲಿ ಅವರ ಊರಿಗೆ ಸೂರ್ಯ ನೆಪಕ್ಕೆ ಬಂದು ಹೋಗುತ್ತಾನೆ. ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ, ಲಾಂಡ್ರಿ ಗಿರಾಕಿಗಳ ಬಾಯಂತೂ ಒಣಗುವುದೇ ಇಲ್ಲ. ಆ ವರ್ಷ ಬಟ್ಟೆ ಒಣಗಿಸುವ ಯಂತ್ರವೂ ಕೈಕೊಟ್ಟಿತು. ರಿಪೇರಿಗೆ ವಾರ ಹಿಡಿಯುತ್ತದೆ ಎಂದ ಮೆಕ್ಯಾನಿಕ್. ಸರಿ, ಲಾಂಡ್ರಿಗೆ ಬೀಗ ಹಾಕಿ ಇಡೀ ಸಂಸಾರ ಬಿಸಿಲಿರುವ ಕಡಲ ತೀರದ ಊರಿಗೆ ಹೊರಟಿತು. ಮದುವೆಯಾದ ಮೇಲೆ ಇದೇ ಮೊದಲ ರಜೆ.

ಸಂಸಾರವೆಂದರೆ ನಾಲ್ಕು ಜನ. ಗಿರಾಕಿಗಳೆಲ್ಲ 'ಅಕ್ಕ' ಎಂದು ಕರೆಯುವ ಲಾಂಡ್ರಿಯ ಒಡತಿ, ಅವಳ ಯಜಮಾನರು, ಅತ್ತೆ, ಮತ್ತು ಮಗಳು ಗುಂಡಿ. ಮಗಳಿಗೆ ಒಳ್ಳೆಯ ಹೆಸರೇ ಇತ್ತು. ಅಂಬೆಗಾಲಿಡುವಾಗ ಯಾರದೋ ಕೋಟಿನ ಗುಂಡಿ ನುಂಗಿದ ಮೇಲೆ ಆ ಹೆಸರಿನ ಸುದ್ದಿಗೆ ಯಾರೂ ಹೋಗಲಿಲ್ಲ.

ಬೆಳಿಗ್ಗೆ ಹೋಟೆಲ್ ರೂಮಿನಲ್ಲೇ ಅಕ್ಕ ಷರತ್ತು ಹಾಕಿದಳು.

"ರೀ, ಇವತ್ತೊಂದು ದಿನ ಬಟ್ಟೆ ವಿಷಯ ಎತ್ತಬಾರದು. ಕಲೆ, ಗಂಜಿ, ಇಸ್ತ್ರಿ, ಏನೂ ಬೇಡ."

"ಆಯ್ತು," ಎಂದರು ಯಜಮಾನರು.

ಅವಳಿಗೆ ಒಂದು ಹೆದರಿಕೆಯಿತ್ತು. ಮಲಗುವಾಗ ದೀಪ ಆರಿಸಿ ಅವರು ಕೇಳುವುದು "ವಕೀಲರ ಕೋಟು ಆಯ್ತಾ?" ಎಂದು. ಅವಳು ಹೇಳುವುದು "ತೋಳು ಇನ್ನೂ ಹಸಿ" ಎಂದು. ಆ ಮಾತು ಕಳೆದರೆ ತಮ್ಮಿಬ್ಬರ ನಡುವೆ ಇನ್ನೇನಾದರೂ ಉಳಿದಿದೆಯೋ ಇಲ್ಲವೋ, ಅದನ್ನು ತಿಳಿಯಬೇಕಿತ್ತು. ತಿಳಿಯಲು ಭಯವೂ ಇತ್ತು.

ಅವಳು ಹೊಸ ನೀಲಿ ಉಡುಪು ತೊಟ್ಟು ಬಚ್ಚಲಿಂದ ಹೊರಬಂದಾಗ ಯಜಮಾನರು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು. ಎಲ್ಲೋ ಸುಕ್ಕು ಕಂಡಿರಬೇಕು ಎಂದುಕೊಂಡಳು ಅಕ್ಕ.

ಮೊದಲು ಅಕ್ವೇರಿಯಂ. ಬಾಗಿಲ ಕಾವಲುಗಾರನ ಕಾಲರು ನೋಡುವ ಹಾಗಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ನೋಡಿದರು, ಇಬ್ಬರೂ ಕತ್ತು ತಿರುಗಿಸಿದರು.

"ಮೀನು," ಎಂದರು ಯಜಮಾನರು ಗಾಜಿನ ಮುಂದೆ ನಿಂತು.

"ಹೂಂ. ಮೀನು."

ಮಾತು ಅಲ್ಲಿಗೆ ಮುಗಿಯಿತು. ಅಲ್ಲಿಂದ ಲೈಟ್‌ಹೌಸಿಗೆ ಹೋದರು. ಅತ್ತೆ ಮಂಡಿ ಹಿಡಿದುಕೊಂಡು, "ನೀವು ಹತ್ತಿ ಬನ್ರಪ್ಪ, ನಂಗೆ ಇಲ್ಲಿಂದ್ಲೇ ಕಾಣ್ತಾ ಇದೆ," ಎಂದು ಕೆಳಗೇ ಕೂತರು. ಮೇಲೆ ಹೋದ ಯಜಮಾನರು ಸುತ್ತ ನೋಡಿ, "ಎತ್ತರ ಇದೆ," ಎಂದರು. ಇದ್ದದ್ದು ನಿಜ. ಅಕ್ಕ ಮೊದಲೇ ಕೆಳಗಿಳಿದಳು.

ಊಟದ ಹೊತ್ತಿಗೆ ಯಜಮಾನರ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿತು. ಅವರು ಕಲೆಯನ್ನು ನೋಡಿದರು. ಅವಳೂ ನೋಡಿದಳು. ಮೇಜಿನ ಮೇಲೆ ನಿಂಬೆಹೋಳು ಇತ್ತು. ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

"ಏನ್ರೋ, ಜಗಳ ಆಡ್ಕೊಂಡ್ರಾ?" ಎಂದರು ಅತ್ತೆ.

"ಇಲ್ಲಜ್ಜಿ, ರಜೆ," ಎಂದಳು ಗುಂಡಿ.

ಮಧ್ಯಾಹ್ನ ಕಡಲ ದಂಡೆ. ಮರಳಿನ ತುಂಬ ಟವೆಲ್ಲು, ಅಂಗಿ, ಪ್ಯಾಂಟು ಬಿಟ್ಟು ಜನ ನೀರಿಗಿಳಿದಿದ್ದರು. ಇವರು ತಮ್ಮ ದುಪ್ಪಟಿ ಹಾಸಿ ಸಾಲಾಗಿ ಕೂತರು. ಮೋಡವೊಂದು ಸೂರ್ಯನಿಗೆ ಅಡ್ಡ ಬಂತು. ಅಕ್ಕನ ಕೈಮೇಲೆ ಹನಿಯೊಂದು ಬಿತ್ತು.

"ಮಳೆ!" ಎಂದು ಕೂಗಿಯೇಬಿಟ್ಟಳು.

ಅವರ ಮನೆಯ ಹಿತ್ತಲಲ್ಲಿ ಆ ಮಾತಿಗೆ ಒಂದೇ ಅರ್ಥ. ನಾಲ್ವರೂ ನಾಲ್ಕು ದಿಕ್ಕಿಗೆ ಓಡಿದರು. ಅತ್ತೆಯ ಮಂಡಿನೋವು ಎಲ್ಲಿ ಹೋಯಿತೋ. ಕಣ್ಣುಮುಚ್ಚಿ ತೆಗೆಯುವುದರೊಳಗೆ ದಂಡೆಯ ಮೇಲಿದ್ದ ಬಟ್ಟೆಯೆಲ್ಲ ಚಹಾ ಅಂಗಡಿಯ ಸೂರಿನಡಿ ಸೇರಿತ್ತು, ಅದೂ ಮಡಚಿ. ಬಿಳಿಯವು ಈ ಕಡೆ, ಬಣ್ಣದವು ಆ ಕಡೆ, ಟವೆಲ್ಲು ಬೇರೆ. ಯಾವುದು ಯಾರದೆಂದು ದೇವರೇ ಬಲ್ಲ.

ಮೋಡ ಸರಿಯಿತು. ಬಿಸಿಲು ಬಿತ್ತು. ಪಕ್ಕದಲ್ಲಿ ಒದ್ದೆ ನಾಯಿಯೊಂದು ಇನ್ನೊಮ್ಮೆ ಮೈ ಕೊಡವಿತು.

ಷರತ್ತು ಮುರಿದವಳು ತಾನೇ ಎಂದು ಅಕ್ಕನಿಗೆ ಹೊಳೆಯುವಷ್ಟರಲ್ಲಿ ಧಡೂತಿ ಮನುಷ್ಯನೊಬ್ಬ ನೀರಿಂದೆದ್ದು ಬಂದ. ಮೈಮೇಲೆ ಚಡ್ಡಿ ಬಿಟ್ಟರೆ ಬೇರೇನಿರಲಿಲ್ಲ.

"ನನ್ ಪ್ಯಾಂಟ್ ಎಲ್ರೀ?"

"ನಾಳೆ ಸಂಜೆ ಬನ್ನಿ," ಎಂದರು ಯಜಮಾನರು, ತಲೆಯೆತ್ತದೆ.

ಅಕ್ಕ ನಕ್ಕಳು. ತಡೆಯಲು ಹೋಗಿ ಇನ್ನೂ ನಕ್ಕಳು. ಹಿಂದೆಯೇ ಒದ್ದೆ ಜನರ ಸಾಲು ಬೆಳೆಯಿತು. ಬೈಸಿಕೊಂಡು, ಕ್ಷಮೆ ಕೇಳಿ, ಒಂದೊಂದೇ ಎತ್ತಿ ತೋರಿಸಿ ಕೊಟ್ಟರು. ಒಬ್ಬಾಕೆ ಮಾತ್ರ, "ಇಸ್ತ್ರಿ ಇಲ್ವಾ?" ಎಂದು ಕೇಳಿದಳು.

ಕೊನೆಗೆ ಉಳಿದದ್ದು ಮರಳಿನ ಮೇಲಿದ್ದ ಅವರದೇ ದುಪ್ಪಟಿ. ಅದನ್ನು ಮಡಚಲು ಇಬ್ಬರು ಬೇಕು. ಎರಡೆರಡು ಮೂಲೆ ಹಿಡಿದು ಇಬ್ಬರೂ ಎದುರುಬದುರು ನಿಂತರು. ಅಕ್ಕನ ನಗು ಅಷ್ಟರಲ್ಲಿ ಆರಿತ್ತು.

"ಬಟ್ಟೆ ಬಿಟ್ರೆ ನಮಗೆ ಮಾತೇ ಇಲ್ಲ ಅಲ್ವೇನ್ರೀ?"

ಯಜಮಾನರು ದುಪ್ಪಟಿಯ ಮರಳು ಕೊಡವಿದರು.

"ಬೆಳಿಗ್ಗೆಯಿಂದ ಒಂದು ಮಾತು ಗಂಟಲಲ್ಲೇ ಇದೆ. ನೀನೇ ಬೇಡ ಅಂದಿದ್ದೆ."

"ಏನದು?"

"ನೀಲಿ ನಿಂಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಗೊತ್ತಾ? ಬಾಗಿಲು ತೆಗೆದು ಬಂದ್ಯಲ್ಲ, ಆವಾಗಿಂದ ಬೇರೆ ಏನೂ ತಲೆಗೇ ಹೋಗ್ತಿಲ್ಲ. ಮೀನು ಕೂಡ ಸರಿಯಾಗಿ ನೋಡ್ಲಿಲ್ಲ."

ಅಕ್ಕ ಮೂಲೆಗಳನ್ನು ಹಿಡಿದು ಅವರ ಕಡೆ ನಡೆದು ಬಂದಳು. ಮೂಲೆಗೆ ಮೂಲೆ ಸೇರಿತು, ಕೈಗೆ ಕೈ ಸೇರಿತು. ಅವಳು ಬಿಡಲಿಲ್ಲ.

"ಈ ನೀಲಿ ಬಣ್ಣ ಬಿಡುತ್ತೆ ರೀ," ಎಂದಳು. "ಬೇರೆ ಬಕೆಟ್ಟಲ್ಲೇ ನೆನೆಸ್ಬೇಕು."

"ನಾನೇ ನೆನೆಸ್ತೀನಿ," ಎಂದರು ಯಜಮಾನರು.